ಕತ್ತೆ ಹಾಡಿನ ವಕೀಲೆ

ಸೀಟಕ್ಕನ ಎದುರು ಆ ಹಾಡನ್ನು 'ಕತ್ತೆ ಹಾಡು' ಎಂದವರೆಲ್ಲ ಒಂದಲ್ಲ ಒಂದು ದಿನ ಅವಳ ಬಾಯಲ್ಲಿ ಸರಿಯಾಗಿ ಉಗಿಸಿಕೊಂಡಿದ್ದಾರೆ. ಹಾಗಂತ ಯಾರೂ ಅನ್ನುವುದನ್ನು ಬಿಟ್ಟಿಲ್ಲ. ಬಿಡುವುದಾದರೂ ಹೇಗೆ? ಹಾಡು ಇರುವುದೇ ಹಾಗೆ. ಗಂಟಲು ಒಡೆದ ಒಬ್ಬ ಮನುಷ್ಯ, ಶ್ರುತಿ ಒಂದು ಕಡೆ, ತಾನೊಂದು ಕಡೆ, ನಡುನಡುವೆ ಉಸಿರಿಗೆ ತಡಕಾಡುತ್ತಾ, 'ಬಾಗಿಲೆಳೆದು ಹೊರಟೆ ನಾನು, ತಿರುಗಿ ನೋಡಲಿಲ್ಲ' ಎನ್ನುತ್ತಾನೆ. ಅದಕ್ಕೆ ಹಾಡುವುದು ಎನ್ನಬೇಕು, ಅಷ್ಟೆ.

ಹಾಡಿದವನು 'ನಾಲ್ವರು' ತಂಡದ ಡ್ರಮ್ಮರ್. ಆ ರಾಕ್ ಬ್ಯಾಂಡಿಗೆ ಕ್ಯಾಸೆಟ್ಟಿನ ಮೇಲೆ ಅಚ್ಚಾದ ಉದ್ದನೆಯ ಹೆಸರೊಂದಿತ್ತು. ಅಭಿಮಾನಿಗಳ ಬಾಯಲ್ಲಿ ಮಾತ್ರ ಅದು ಮೊದಲಿನಿಂದಲೂ ನಾಲ್ವರೇ. ಶುರುವಿನಲ್ಲಿ ಎಲ್ಲರಿಗೂ ಭುಜದವರೆಗೆ ಕೂದಲು. ಈಗ ಹಾಡುಗಾರನ ತಲೆ ನುಣ್ಣಗಾಗಿದೆ, ಗಿಟಾರಿನವನು ಮಂಡಿನೋವಿಗೆ ಸ್ಟೂಲಿನ ಮೇಲೆ ಕೂತು ನುಡಿಸುತ್ತಾನೆ, ಡ್ರಮ್ಮರ್ ಎಂದೋ ಜಗಳವಾಡಿ ತಂಡ ಬಿಟ್ಟು ಹೋಗಿದ್ದಾನೆ. ಮೂವರಾದ ಮೇಲೂ ನಾಲ್ವರು ನಾಲ್ವರೇ. ಇದನ್ನು ಹೊರಗಿನವರಿಗೆ ವಿವರಿಸಲು ಹೋಗಬಾರದು, ಸುಮ್ಮನೆ ತಲೆನೋವು. ಎರಡನೆಯ ಆಲ್ಬಮ್ ರೆಕಾರ್ಡ್ ಮಾಡುವ ಕೊನೆಯ ದಿನ ಹಾಡುಗಾರ ಯಾವುದೋ ಮಾತಿಗೆ ಮುನಿಸಿಕೊಂಡು ಸ್ಟುಡಿಯೋದಿಂದ ಎದ್ದು ಹೋದನಂತೆ. ಇನ್ನೊಂದು ಹಾಡು ಬಾಕಿ. 'ನಾನೇ ಹಾಡ್ತೀನಿ ಬಿಡಿ' ಎಂದನಂತೆ ಡ್ರಮ್ಮರ್. ಯಾರಾದರೂ ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಹೀಗೆ ಕತ್ತೆ ಹಾಡು ಕ್ಯಾಸೆಟ್ಟಿನ ಎರಡನೇ ಬದಿಯ ತುದಿಗೆ ಬಂದು ಕೂತಿತು.

ಸೀಟಕ್ಕ ಅದನ್ನು ಮೊದಲ ಸಲ ಕೇಳಿದ್ದು ತಾನೂ ಹಾಗೆಯೇ ಒಂದು ತುದಿಗೆ ಬಂದು ಕೂತಿದ್ದ ಕಾಲದಲ್ಲಿ. ಆಗ ಅವಳಿಗೆ ಇಪ್ಪತ್ತನಾಲ್ಕು. ಗಂಡನ ಮನೆ ಬಿಟ್ಟು ಪುಟ್ಟ ಮಗಳೊಂದಿಗೆ ಈ ಊರಿಗೆ ಬಂದಿದ್ದಳು. ಗಂಡ ಹೊಡೆಯುತ್ತಿರಲಿಲ್ಲ, ಕುಡಿಯುತ್ತಿರಲಿಲ್ಲ. ಹೆಂಡತಿ ಅಂತ ಒಬ್ಬಳು ಮನೆಯಲ್ಲಿದ್ದಾಳೆ ಎಂಬುದೇ ಅವನಿಗಾಗಲಿ ಅವನ ಮನೆಯವರಿಗಾಗಲಿ ನೆನಪಿರುತ್ತಿರಲಿಲ್ಲ. ಅವಳು ಕೇಳಿದ ಮಾತಿಗೆ ಉತ್ತರ ಬರುವುದಿರಲಿ, ಕೇಳಿದಳು ಎಂಬುದಕ್ಕೂ ಯಾರೂ ತಲೆ ಎತ್ತುತ್ತಿರಲಿಲ್ಲ. ಇದನ್ನೊಂದು ಕಾರಣ ಅಂತ ಯಾರಿಗೆ ಹೇಳುವುದು? ತವರಿನವರಿಗೆ ಹೇಳಿದರೆ, 'ಅಷ್ಟೇನಾ?' ಎಂದರು. ಅಷ್ಟೇ. ಅಷ್ಟಕ್ಕೇ ಹೊರಟಳು. ತಿಂಗಳಲ್ಲಿ ಬಾಲ ಮುದುರಿಕೊಂಡು ವಾಪಸ್ ಬರುತ್ತಾಳೆ ಅಂತ ನೆಂಟರಿಷ್ಟರೆಲ್ಲ ಕಾದರು. ಕಾದಿದ್ದೇ ಬಂತು.

ಬಸ್ ನಿಲ್ದಾಣದ ಹಿಂಬದಿಯ ಸಾಲಿನಲ್ಲಿ, ಟೈರ್ ಅಂಗಡಿಗೂ ಬ್ಯಾಟರಿ ಅಂಗಡಿಗೂ ನಡುವೆ, ಬಸ್ಸು ಲಾರಿಗಳ ಸೀಟು ಹೊಲಿಯುವ ವರ್ಕ್‌ಶಾಪ್ ಇತ್ತು. ಅದರ ಯಜಮಾನ, ಒಬ್ಬ ಮುದುಕ, ಅವಳಿಗೆ ಹಳೆ ರೆಕ್ಸಿನ್ ಹರಿದು ಮೊಳೆ ಕೀಳುವ ಕೆಲಸ ಕೊಟ್ಟ. ಉಗುರಿನ ಸಂದಿಯೆಲ್ಲ ರಕ್ತ. ಮುದುಕನ ಟೇಪ್ ರೆಕಾರ್ಡರಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಅದೇ ಒಂದು ಕ್ಯಾಸೆಟ್. ಕೊನೆಯ ಹಾಡು ಬಂದಾಗ ಮುದುಕ, 'ಕತ್ತೆ ಬಂತು, ಮಗ್ಗುಲು ಬದಲಾಯಿಸಮ್ಮಾ' ಎನ್ನುತ್ತಿದ್ದ. ಮೂರನೆಯ ದಿನವೋ ನಾಲ್ಕನೆಯ ದಿನವೋ ಅವಳು ಇಕ್ಕಳ ಕೆಳಗಿಟ್ಟು, 'ಬದಲಾಯಿಸಲ್ಲ. ಪೂರ್ತಿ ಹಾಡ್ಲಿ ಬಿಡಿ' ಎಂದಳು. ಈ ಊರಿನಲ್ಲಿ ಅವಳು ಎದುರಾಡಿದ ಮೊದಲ ಮಾತು ಅದು. ಮುದುಕ ಕಣ್ಣರಳಿಸಿ ನೋಡಿ, ಪೂರ್ತಿ ಹಾಡಲು ಬಿಟ್ಟ.

ಮೊಳೆ ಕೀಳುವವಳು ಫೋಮ್ ಕೊಯ್ಯಲು ಕಲಿತಳು, ಆಮೇಲೆ ಅಳತೆ ಹಿಡಿಯಲು, ಆಮೇಲೆ ದಬ್ಬಳ ಹಿಡಿದು ಮೂಲೆ ಎಳೆದು ಹೊಲಿಯಲು. ಮುದುಕನ ಕಣ್ಣು ಮಂಜಾದ ಮೇಲೆ ವರ್ಕ್‌ಶಾಪ್ ಅವಳದಾಯಿತು. 'ಹೆಂಗಸು ಲಾರಿ ಸೀಟು ಹೊಲೀತಾಳಾ?' ಎಂದು ಮೂಗು ಮುರಿದ ಡ್ರೈವರುಗಳೇ ಈಗ, ಅವಳು ಹೊಲಿದ ಸೀಟಲ್ಲಾದರೆ ಬೆನ್ನು ಮಾತಾಡುವುದಿಲ್ಲ ಎನ್ನುತ್ತಾರೆ. ಮಗಳು ಅಲ್ಲೇ ರೆಕ್ಸಿನ್ ತುಂಡುಗಳ ನಡುವೆ ಬೆಳೆದು, ಓದಿ, ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೆಲಸಕ್ಕೆ ಸೇರಿದಳು. ಮಗಳು ಸೋತು ಬಂದಾಗಲೆಲ್ಲ, ಪರೀಕ್ಷೆಯಾಗಲಿ ಮುರಿದುಬಿದ್ದ ಮದುವೆ ಮಾತಾಗಲಿ, ಸೀಟಕ್ಕ ಹೇಳುತ್ತಿದ್ದುದು ಒಂದೇ ಮಾತು: 'ಹೊರಟ ಮೇಲೆ ಮುಗೀತು. ನಾನು ಒಂದ್ಸಲನಾದ್ರೂ ತಿರುಗಿ ನೋಡಿದೀನಾ?' ಮಗಳು ಇಲ್ಲ ಎಂದು ತಲೆಯಾಡಿಸುತ್ತಿದ್ದಳು.

ಇನ್ನು ಬಳಗದ ವಿಷಯ. ಭಾನುವಾರ ಮಧ್ಯಾಹ್ನ ಸೀಟಕ್ಕನ ವರ್ಕ್‌ಶಾಪಿನಲ್ಲಿ ನಾಲ್ವರ ಅಭಿಮಾನಿಗಳು ಸೇರುತ್ತಾರೆ. ಹೊಲಿಗೆಗೆ ಬಂದ ಸೀಟುಗಳೇ ಆಸನ. ಲೆಕ್ಕ ಕಲಿಸುವ ಮೇಷ್ಟ್ರು ನ್ಯಾಯಾಧೀಶರು, ಅವರಿಗೆ ಡ್ರೈವರ್ ಸೀಟು. ಕ್ಷೌರದಂಗಡಿಯವನಿಗೆ ಕತ್ತರಿ ಎಂದೇ ಹೆಸರು, ಔಷಧಿ ಅಂಗಡಿಯವನಿಗೆ ಮಾತ್ರೆ ಎಂದು. ಉಳಿದವರು ಬಂದಷ್ಟು, ಹಿಡಿದಷ್ಟು. ಇಲ್ಲಿ ಸುಮ್ಮನೆ ಹಾಡು ಕೇಳಿ ತಲೆದೂಗಿ ಹೋಗುವಂತಿಲ್ಲ. ಪ್ರತಿ ಹಾಡನ್ನೂ ಕಟಕಟೆಗೆ ಹತ್ತಿಸುತ್ತಾರೆ. ಒಬ್ಬರು ಹಾಡಿನ ಪರ, ಒಬ್ಬರು ವಿರೋಧ. ಯಾರು ಯಾವ ಕಡೆ ಎಂದು ಚೀಟಿ ಎತ್ತಿ ತೀರ್ಮಾನ. ಚೀಟಿಯಲ್ಲಿ ಬಂದದ್ದನ್ನು, ಇಷ್ಟವಿರಲಿ ಬಿಡಲಿ, ಮನಸಾರೆ ವಾದಿಸಬೇಕು. ಈ ಕೊನೆಯ ನಿಯಮ ಮಾಡಿಸಿದವಳು ಸೀಟಕ್ಕನೇ. ಒಮ್ಮೆ ಕತ್ತರಿ ತನಗೆ ಬಂದ ಹಾಡಿನ ಪರ 'ಪರವಾಗಿಲ್ಲ, ಇರ್ಲಿ' ಎಂದು ಆಕಳಿಸಿ ಕೂತಾಗ, ಅವಳು ಹಟ ಹಿಡಿದು ಅವನನ್ನು ಒಂದು ವರ್ಷ ಹೊರಗಿಡಿಸಿದಳು. ಪಾಪ, ಅವನು ಅಷ್ಟೂ ಭಾನುವಾರ ಟೈರ್ ಅಂಗಡಿಯ ಕಟ್ಟೆಯ ಮೇಲೆ ಕೂತು ಅಲ್ಲಿಂದಲೇ ಕಿವಿಗೊಟ್ಟು, ಅಲ್ಲಿಂದಲೇ ಕೂಗಿ ಜಗಳವಾಡಿದ.

ಸೀಟಕ್ಕನ ಕೈಗೆ ಬಂದ ಹಾಡು ಸೋತಿದ್ದು ಯಾರಿಗೂ ನೆನಪಿಲ್ಲ. ಕೆಟ್ಟ ಹಾಡಾದಷ್ಟೂ ಅವಳಿಗೆ ಹುರುಪು. ಕತ್ತೆ ಹಾಡಿಗಂತೂ ಚೀಟಿಯೂ ಇಲ್ಲ, ಎಲ್ಲರೂ ಒಪ್ಪಿ ಅವಳಿಗೇ ಬಿಟ್ಟಿದ್ದರು. ಅವಳು ಎದ್ದು ನಿಂತು, ಸೊಂಟಕ್ಕೆ ಸೆರಗು ಸಿಕ್ಕಿಸಿ, ಆ ಒಡಕು ದನಿಯ ಪರ ವಾದಿಸುವಾಗ ಮಾತ್ರೆ ಮಾತ್ರ ಪ್ರತಿ ಸಲವೂ ಚಹಾ ಕುಡಿಯಲು ಎದ್ದು ಹೋಗುತ್ತಿದ್ದ. ಅವನಿಗೆ ಅದನ್ನು ಕೇಳಿದರೆ ಹಲ್ಲು ಜುಮ್ಮೆನ್ನುತ್ತಿತ್ತಂತೆ.

ಹೀಗಿರುವಾಗ ಸುದ್ದಿ ಬಂತು. ನಾಲ್ವರು ತಮ್ಮ ಹಳೆಯ ಆಲ್ಬಮ್‌ಗಳನ್ನು ತೊಳೆದು ಬಳಿದು ಹೊಸದಾಗಿ ಹೊರತರುತ್ತಾರಂತೆ, ತಿಂಗಳಿಗೊಂದರಂತೆ. ಪ್ರತಿಯೊಂದರಿಂದಲೂ ಒಂದು ಹಾಡು ಕಿತ್ತು, ಆ ಜಾಗಕ್ಕೆ ಹೊಸದೊಂದನ್ನು ಕೂರಿಸುತ್ತಾರಂತೆ. ಯಾವುದನ್ನು ಕೀಳಬೇಕೆಂದು ಊರೂರಿನ ಅಭಿಮಾನಿ ಬಳಗಗಳೇ ತೀರ್ಪು ಕೊಡಬೇಕಂತೆ. ಕಿತ್ತ ಹಾಡು ಇನ್ನು ವೇದಿಕೆಯ ಮೇಲೂ ಇಲ್ಲ, ಫೋನಿನಲ್ಲೂ ಸಿಗುವುದಿಲ್ಲ. ಮೊದಲ ಸರದಿ ಎರಡನೆಯ ಆಲ್ಬಮ್ಮಿನದು.

ಆ ಭಾನುವಾರ ವರ್ಕ್‌ಶಾಪಿನಲ್ಲಿ ಕಾಲಿಡಲು ಜಾಗವಿರಲಿಲ್ಲ.

"ಇದು ಅಭಿಮಾನಿಗಳಿಗೆ ಕೊಟ್ಟ ಗೌರವ," ಎಂದು ಮೇಷ್ಟ್ರು ಶುರುಮಾಡಿದರು. "ಇಷ್ಟು ವರ್ಷಕ್ಕೆ ನಮ್ಮನ್ನ ಒಂದು ಮಾತು ಕೇಳಿದಾರೆ."

"ಗೌರವ ಅಲ್ಲ ಮೇಷ್ಟ್ರೇ, ಜಾಣತನ," ಎಂದ ಕತ್ತರಿ. "ಕತ್ತು ಹಿಸುಕೋಕೆ ಅವರಿಗೆ ಕೈ ಬರ್ತಿಲ್ಲ. ನಮ್ಮ ಕೈ ಕೇಳ್ತಿದಾರೆ. ನಾಳೆ ಯಾರಾದ್ರೂ ಬೈದ್ರೆ, ನಾವಲ್ಲಪ್ಪಾ, ಅಭಿಮಾನಿಗಳು ಅಂತಾರೆ."

"ತಿಂಗಳಿಗೊಂದು ಬಿಡೋದು ಮಾತ್ರ ಒಳ್ಳೇ ಯೋಚನೆ," ಎಂದ ಮಾತ್ರೆ. "ವರ್ಷಪೂರ್ತಿ ಸುದ್ದಿಯಲ್ಲಿರ್ತಾರೆ. ನಾನೂ ಎಲ್ಲಾ ಮಾತ್ರೆ ಒಂದೇ ದಿನ ಕೊಟ್ಟುಬಿಟ್ರೆ ಗಿರಾಕಿ ಮತ್ತೆ ಬರ್ತಾನಾ?"

"ಒಂದೇ ದಿನ ಅಷ್ಟೂ ನುಂಗಿದ್ರೆ ಖಂಡಿತ ಬರಲ್ಲ," ಎಂದ ಕತ್ತರಿ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ನಗದವಳು ಸೀಟಕ್ಕ ಒಬ್ಬಳೇ. "ಯಾವುದನ್ನೂ ಕೀಳಬಾರದು," ಎಂದಳು. "ಸೀಟಿನ ಕವರ್ ಹಳೇದಾದ್ರೆ ಬದಲಾಯಿಸ್ತೀನಿ. ಇದು ಚೆನ್ನಾಗಿಲ್ಲ ಅಂತ ಬಸ್ಸಿಂದ ಒಂದು ಸೀಟನ್ನೇ ಕಿತ್ತು ಬೀದಿಗೆಸೀತೀನಾ? ಕೂತವರು ಎಲ್ಲಿ ಹೋಗ್ಬೇಕು? ತೀರ್ಪೂ ಬೇಡ, ಮಣ್ಣೂ ಬೇಡ. ಅವರಿಗೆ ನಾವು ಉತ್ತರ ಕೊಡೋದೇ ಬೇಡ."

"ನಾವು ಬಾಯಿ ಮುಚ್ಕೊಂಡು ಕೂತ್ರೆ ಬೇರೆ ಊರಿನವರು ಕೀಳ್ತಾರಮ್ಮ," ಎಂದರು ಮೇಷ್ಟ್ರು. "ಅವರು ಯಾವುದನ್ನ ಕೀಳ್ತಾರೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು."

ಗೊತ್ತಿಲ್ಲದೆ ಏನು? ಲೋಕದಲ್ಲಿರುವ ನಾಲ್ವರ ಅಭಿಮಾನಿಗಳನ್ನೆಲ್ಲ ಒಂದೆಡೆ ನಿಲ್ಲಿಸಿ ಕೇಳಿದರೂ ಬೆರಳು ಹೋಗುವುದು ಆ ಒಂದು ಹಾಡಿನ ಕಡೆಗೇ. ಆ ಮೂವರಿಗೂ ಡ್ರಮ್ಮರ್‌ಗೂ ನಡುವೆ ಮಾತಿಲ್ಲದೆ ಎಷ್ಟೋ ವರ್ಷವಾಗಿದೆ. ಅವನ ಒಂದೇ ಒಂದು ಹಾಡನ್ನು ಒರೆಸಿ ಹಾಕಲು ಇದಕ್ಕಿಂತ ಒಳ್ಳೆಯ ದಾರಿ ಯಾವುದಿದೆ? ಸೀಟಕ್ಕನಿಗೆ ಮೈ ಉರಿದುಹೋಯಿತು.

"ಸರಿ, ಕೂತ್ಕೊಳ್ಳೋಣ," ಎಂದಳು. "ಮುಂದಿನ ಭಾನುವಾರ. ಈ ಬಳಗದಿಂದ ಆ ಹಾಡನ್ನ ಯಾರು ಕೀಳ್ತಾರೋ ನೋಡೇಬಿಡ್ತೀನಿ."

"ಹಾಗಾದ್ರೆ ಈ ಸಲ ಕತ್ತೆ ಹಾಡಿಗೂ ಚೀಟಿ," ಎಂದರು ಮೇಷ್ಟ್ರು. "ತೀರ್ಪು ಊರಾಚೆ ಹೋಗುತ್ತೆ. ಸೀಟಕ್ಕನಿಗೆ ಮಾತ್ರ ರಿಯಾಯಿತಿ ಅಂತ ನಾಳೆ ಯಾರೂ ಅನ್ನಬಾರದು."

ಎತ್ತಿದರಾಯ್ತು ಎಂದು ಅವಳೇ ಮೊದಲು ಕೈ ಹಾಕಿದಳು. ಚೀಟಿ ಬಿಚ್ಚಿ ಓದಿದಳು. ಮತ್ತೊಮ್ಮೆ ಓದಿದಳು. ಕತ್ತರಿ ಭುಜದ ಮೇಲಿಂದ ಬಗ್ಗಿ ನೋಡಿ ನಗಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಎರಡನೆಯ ಬದಿ, ಕೊನೆಯ ಹಾಡು, ವಿರೋಧ. ಪರ ವಾದಿಸುವ ಚೀಟಿ ಸಿಕ್ಕಿದ್ದು ಯಾರಿಗೆ ಅಂತೀರಿ? ಮಾತ್ರೆಗೆ.

"ನನಗೆ ಬೇಡ ಮೇಷ್ಟ್ರೇ, ಅದಲು ಬದಲು ಮಾಡಿ," ಎಂದು ಮಾತ್ರೆ ಅಂಗಲಾಚಿದ.

ಮೇಷ್ಟ್ರು ಸೀಟಕ್ಕನ ಮುಖ ನೋಡಿದರು. ಅವಳು ಹೂಂ ಎಂದಿದ್ದರೆ ಅವರೂ ಹೂಂ ಎನ್ನುತ್ತಿದ್ದರೇನೋ. ಅವಳ ಕಣ್ಣು ಕತ್ತರಿಯ ಕಡೆ ಹೊರಳಿತು. ಒಂದು ವರ್ಷ ಟೈರ್ ಅಂಗಡಿಯ ಕಟ್ಟೆಯ ಮೇಲೆ ಕೂತವನು ಅವನು.

"ಬಂದದ್ದು ಬಂತು," ಎಂದು ಚೀಟಿಯನ್ನು ರವಿಕೆಯೊಳಗೆ ಸಿಕ್ಕಿಸಿಕೊಂಡಳು. "ಬದಲಾಯಿಸೋ ಮಾತೇ ಇಲ್ಲ."

ಆ ವಾರ ಅವಳ ಕೈಗೆ ಸಿಕ್ಕ ಸೀಟುಗಳ ಗತಿ ಹೇಳತೀರದು. ಕಂಪನಿ ಬಸ್ಸೊಂದರ ಸೀಟುಗಳೆಲ್ಲ ಹೊಲಿಗೆಗೆ ಬಂದಿದ್ದವು. ಫೋಮ್ ಮೇಲೆ ರೆಕ್ಸಿನ್ ಎಳೆದು ಮೊಳೆ ಹೊಡೆಯುವಾಗ ಸುತ್ತಿಗೆಯ ಸದ್ದು ಬ್ಯಾಟರಿ ಅಂಗಡಿಯವರೆಗೂ ಕೇಳುತ್ತಿತ್ತು. ಮಗಳು ಮಧ್ಯಾಹ್ನದ ಊಟದ ಡಬ್ಬಿ ತಂದು ಎದುರಿಗಿಟ್ಟಳು.

"ಅಮ್ಮಾ, ಇಷ್ಟು ತಲೆ ಯಾಕೆ ಕೆಡಿಸ್ಕೋತೀಯ? ಎದ್ದು ನಿಂತು ನಾಲ್ಕು ಮಾತು ತೊದಲಿ ಕೂತ್ಕೋ. ಬೇಕೂ ಅಂತ ಸೋತುಬಿಡು. ಹಾಡೂ ಉಳಿಯುತ್ತೆ."

"ಕತ್ತರಿ ಮುಖ ನಾನು ಹ್ಯಾಗೆ ನೋಡ್ಲಿ?"

"ಅವನೇನೂ ಅನ್ಕೊಳ್ಳಲ್ಲ."

"ನಾನು ಅನ್ಕೋತೀನಲ್ಲ!" ಎಂದು ಸೀಟಕ್ಕ ಸುತ್ತಿಗೆ ಎತ್ತಿದಳು. "ಕಳ್ಳ ವಾದ ಮಾಡಿ ಉಳಿಸಿಕೊಂಡ ಹಾಡನ್ನ ನಾಳೆ ಯಾವ ಮೋರೆ ಇಟ್ಕೊಂಡು ಕೇಳ್ಲಿ? ಸುಮ್ನೆ ಊಟ ಮಾಡು."

ಗುರುವಾರ ಮಾತ್ರೆ ಬಂದ. ಅಂಗಡಿಗೆ ಬೀಗ ಹಾಕಿ, ಕಳ್ಳನಂತೆ ಅತ್ತಿತ್ತ ನೋಡುತ್ತಾ ಬಂದ.

"ಅಕ್ಕಾ, ಕಾಲಿಗೆ ಬೀಳ್ತೀನಿ. ಆ ಹಾಡಲ್ಲಿ ಒಳ್ಳೇದೇನಿದೆ ಅಂತ ನೀನೇ ಒಂದು ಮಾತು ಹೇಳು. ನಾನು ನಾಲ್ಕು ದಿನದಿಂದ ಕೇಳ್ತಾ ಇದೀನಿ. ಹೆಂಡತಿ ತವರಿಗೆ ಹೋಗ್ತೀನಿ ಅಂತಿದಾಳೆ."

ಸೀಟಕ್ಕನ ನಾಲಿಗೆಯ ತುದಿಯವರೆಗೆ ಬಂತು. ಅವಳ ಇಷ್ಟು ವರ್ಷದ ವಾದವೆಲ್ಲ ಅಲ್ಲೇ ಸಾಲಾಗಿ ನಿಂತಿತ್ತು: ಧೈರ್ಯ, ಮೊಂಡುತನ, ಹಾಡಲು ಬಾರದಿದ್ದರೂ ಹಾಡಿದ ಎದೆಗಾರಿಕೆ. ಒಂದು ಮಾತು ಹೇಳಿದ್ದರೆ ಹಾಡು ಉಳಿಯುತ್ತಿತ್ತು. ಅವಳು ದಬ್ಬಳಕ್ಕೆ ದಾರ ಪೋಣಿಸುವ ನೆಪದಲ್ಲಿ ತಲೆ ಬಗ್ಗಿಸಿದಳು.

"ನೀನೇ ಹುಡುಕ್ಕೋಪ್ಪ. ನಾನು ಹೇಳ್ಕೊಟ್ರೆ ಅದು ನಿನ್ನ ವಾದ ಆಗಲ್ಲ. ಇನ್ನೊಂದ್ಸಲ ಕೇಳು. ಚಹಾಕ್ಕೆ ಎದ್ದು ಹೋಗದೆ ಕೇಳು."

ಅವನು ಗೊಣಗುತ್ತಾ ಹೋದ. ಅವಳೂ ಸಂಜೆ ಕೂತು ಕೇಳಿದಳು, ತಪ್ಪು ಹುಡುಕಲೆಂದೇ. ಮೊದಲು ಕೈ ಬರಲಿಲ್ಲ. ಇಷ್ಟು ವರ್ಷ ಬಗಲಲ್ಲಿಟ್ಟು ಸಾಕಿದ್ದನ್ನು ಹೇಗೆ ಚುಚ್ಚುವುದು? ಆಮೇಲೆ ಒಂದೊಂದಾಗಿ ಕಂಡವು. ಕೊನೆಗೆ ಒಂದು ಕಂಡಿತು ನೋಡಿ, ಅದಾದ ಮೇಲೆ ಶುಕ್ರವಾರವೂ ಶನಿವಾರವೂ ಅವಳು ಮಗಳ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ಭಾನುವಾರ ಬಂತು. ಕಂಪನಿ ಬಸ್ಸಿನ ಹೊಸ ಸೀಟುಗಳ ಮೇಲೆ ಬಳಗ ತುಂಬಿ ಕೂತಿತ್ತು. ಮಗಳು ರೆಕ್ಸಿನ್ ಸುರುಳಿಗಳಿಗೆ ಒರಗಿ ಹಿಂದೆ ನಿಂತಿದ್ದಳು. ಉಳಿದ ಹಾಡುಗಳ ವಾದ ಬೇಗ ಮುಗಿಯಿತು. ಅವು ಎಲ್ಲಿಗೂ ಹೋಗುವ ಹಾಡುಗಳಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಮೇಷ್ಟ್ರು ಕತ್ತೆ ಹಾಡನ್ನು ಒಮ್ಮೆ ಪೂರ್ತಿ ಹಾಕಿಸಿದರು. ಮಾತ್ರೆ ಈ ಸಲ ಎದ್ದು ಹೋಗಲಿಲ್ಲ, ಕಣ್ಣುಮುಚ್ಚಿ ಕೂತಿದ್ದ. ಹಾಡು ಮುಗಿಯಿತು. ಸೀಟಕ್ಕ ಎದ್ದು ಸೆರಗು ಸಿಕ್ಕಿಸಿದಳು.

"ಮೊದಲು ಸಣ್ಣಪುಟ್ಟ ತಪ್ಪು ಹೇಳಿಬಿಡ್ತೀನಿ," ಎಂದಳು. "ಎರಡನೇ ಚರಣದಲ್ಲಿ ಡ್ರಮ್ಸ್ ಹಿಂದೆ ಬೀಳುತ್ತೆ, ಹಾಡ್ತಾ ಹಾಡ್ತಾ ಬಾರಿಸೋಕೆ ಅವನ ಕೈಲಾಗಿಲ್ಲ. ಮೇಲಿನ ಸ್ವರದಲ್ಲಿ ಗಂಟಲು ಒಡೆಯುತ್ತೆ, ಗಿಟಾರಿನವನು ಜೋರಾಗಿ ನುಡಿಸಿ ಮುಚ್ಚಿಹಾಕಿದಾನೆ. ಇದಕ್ಕೆಲ್ಲ ನಾನು ಹಾಡು ಕೀಳಿ ಅನ್ನಲ್ಲ. ಈ ಹಾಡಿನ ತಪ್ಪು ಬೇರೆ. ಈ ಹಾಡು ಸುಳ್ಳು ಹೇಳುತ್ತೆ."

ಕತ್ತರಿ ಮುಂದೆ ಸರಿದು ಕೂತ.

"ತಿರುಗಿ ನೋಡಲಿಲ್ಲ ಅಂತಾನೆ. ಮನೆ ಬಿಟ್ಟು ಹೊರಟೋರು ಯಾರ್ರೀ ತಿರುಗಿ ನೋಡದೇ ಇರ್ತಾರೆ? ನಾನು ನೋಡ್ದೆ. ಈ ಮೂವತ್ತು ವರ್ಷ ಎಲ್ಲರಿಗೂ ನೋಡಲಿಲ್ಲ ಅಂತಲೇ ಹೇಳ್ಕೊಂಡು ಬಂದೆ. ನನ್ನ ಮಗಳಿಗೂ ಹಾಗೇ ಹೇಳ್ದೆ. ನೋಡ್ದೆ ನಾನು. ರಸ್ತೆ ತಿರುವು ಬರೋವರೆಗೂ ಮತ್ತೆ ಮತ್ತೆ ನೋಡ್ದೆ. ಯಾರಾದ್ರೂ ಬಾಗಿಲಿಗೆ ಬಂದು, ಎಲ್ಲಿಗ್ಹೋಗ್ತೀಯ ಅಂತ ಒಂದು ಮಾತು ಕೂಗ್ತಾರೇನೋ ಅಂತ ನೋಡ್ದೆ. ಇಲ್ಲಿ ಕೆಲಸಕ್ಕೆ ಸೇರಿದ ಮೇಲೂ ಅಷ್ಟೇ. ಬಾಗಿಲಲ್ಲಿ ನೆರಳು ಬಿದ್ರೆ ಸಾಕು, ಇಕ್ಕಳ ಕೈ ತಪ್ಪೋದು. ಆಗ ಈ ಹಾಡು ಬರೋದು. ಇವನು ಗಂಡಸು, ತಿರುಗಿ ನೋಡದೇ ಹೋದ, ನಾನ್ಯಾಕೆ ಇಂಥಾ ಹೇಡಿ ಅಂತ ಹಲ್ಲು ಕಚ್ಚಿ ಮೊಳೆ ಕೀಳ್ತಿದ್ದೆ. ಧೈರ್ಯ ಕೊಡ್ತು ಅಂತ ಇಷ್ಟು ವರ್ಷ ಇದರ ಪರ ವಾದ ಮಾಡ್ದೆ. ಧೈರ್ಯ ಅಲ್ಲ ಮೇಷ್ಟ್ರೇ, ಇದು ನನಗೆ ಕೊಟ್ಟಿದ್ದು ನಾಚಿಕೆ. ನನ್ನ ಕೈಲಿ ಸುಳ್ಳು ಹೇಳಿಸಿದ ಹಾಡು ಇದು. ಹೊಸದಾಗಿ ಮನೆ ಬಿಟ್ಟು ಬಂದ ಇನ್ಯಾವಳಾದ್ರೂ ಇದನ್ನ ಕೇಳಿ, ತಿರುಗಿ ನೋಡಿದ್ದಕ್ಕೆ ತನ್ನನ್ನೇ ಶಪಿಸ್ಕೋಬಾರದು. ಕಿತ್ತು ಹಾಕಿ. ಇಷ್ಟೇ ನನ್ನ ವಾದ."

ಅವಳು ಕೂತಳು. ಮಗಳ ಕಡೆ ನೋಡುವ ಧೈರ್ಯವಾಗಲಿಲ್ಲ. ಹೊರಗೆ ಬ್ಯಾಟರಿ ಅಂಗಡಿಯವನು ಯಾರಿಗೋ ಬೈಯುತ್ತಿದ್ದ.

ಮಾತ್ರೆ ಎದ್ದು ನಿಂತ. ನಿಂತು ಗಂಟಲು ಸರಿಮಾಡಿಕೊಂಡ, ಕನ್ನಡಕ ಒರೆಸಿಕೊಂಡ, ಮತ್ತೆ ಹಾಕಿಕೊಂಡ.

"ಅಕ್ಕ ಹೇಳಿದ್ದೆಲ್ಲ ನಿಜ," ಎಂದ. "ಹಾಡು ಸುಳ್ಳು ಹೇಳುತ್ತೆ, ಒಪ್ಪಿದೆ. ಆದ್ರೆ ಒಂದು ಮಾತು. ನನ್ನ ಅಂಗಡಿಗೆ ದಿನಾ ಜನ ಬರ್ತಾರೆ. ನನಗೇನೂ ಆಗಿಲ್ಲ, ಸುಮ್ನೆ ಒಂದು ತಲೆನೋವಿನ ಮಾತ್ರೆ ಕೊಡಿ ಅಂತಾರೆ. ದನಿ ಕೇಳಿದ್ರೇ ಗೊತ್ತಾಗುತ್ತೆ, ಏನೋ ಆಗಿದೆ ಅಂತ. ಈ ಹಾಡನ್ನ ನಮ್ಮ ದೊಡ್ಡ ಹಾಡುಗಾರ ಹಾಡಿದ್ರೆ ಏನಾಗ್ತಿತ್ತು? ತಿರುಗಿ ನೋಡಲಿಲ್ಲ ಅಂತ ಗಟ್ಟಿಯಾಗಿ ಹಾಡಿರೋನು, ನಾವೆಲ್ಲ ನಂಬಿಬಿಡ್ತಿದ್ವಿ. ಆವಾಗ ಅದು ನಿಜವಾದ ಸುಳ್ಳು. ಇವನು ಹಾಡಿದಾಗ ಯಾರಾದ್ರೂ ನಂಬ್ತೀವಾ? ಆ ಮಾತಿಗೆ ಬಂದಾಗಲೇ ಅವನ ಗಂಟಲು ಒಡೆಯೋದು, ಪ್ರತಿ ಸಲ. ಅಕ್ಕ ಹೇಳಿದ ಆ ಮೇಲಿನ ಸ್ವರ ಇರೋದು ಅಲ್ಲೇ. ನಾನು ಈ ವಾರ ಎಷ್ಟು ಸಲ ಕೇಳಿದೀನಿ ಅಂತ ನನ್ನ ಹೆಂಡತೀನ ಕೇಳಿ. ಅವನು ನೋಡಿದಾನೆ ಅಕ್ಕ. ನೋಡಿದಾನೆ ಅಂತ ದನಿ ಹೇಳ್ತಿದೆ. ಬಾಯಿ ಮಾತ್ರ ಇಲ್ಲ ಅಂತಿದೆ. ನಿನ್ನ ಹಾಗೇನೇ."

ಸೀಟಕ್ಕ ಮುಖ ಎತ್ತಿದಳು. ಇಷ್ಟು ವರ್ಷ ಎದೆ ತಟ್ಟಿಕೊಂಡು ವಾದಿಸಿದವಳಿಗೆ ಒಮ್ಮೆಯೂ ಹೊಳೆಯದಿದ್ದದ್ದು, ಚಹಾಕ್ಕೆ ಎದ್ದು ಹೋಗುತ್ತಿದ್ದ ಈ ಪುಣ್ಯಾತ್ಮನಿಗೆ ಹೊಳೆದಿತ್ತು. ಅವಳಿಗೆ ಕೋಪವೂ ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡು, "ಇಷ್ಟು ದಿನ ಎಲ್ಲಿ ಸತ್ತಿದ್ಯೋ?" ಎಂದಳು.

ಕೀಳಬೇಕು ಎನ್ನುವವರು ಕೈ ಎತ್ತಿ ಎಂದರು ಮೇಷ್ಟ್ರು. ಕತ್ತರಿಯ ಕೈ ಅರ್ಧ ಮೇಲೆ ಹೋಗಿ, ತಲೆ ಕೆರೆದುಕೊಂಡು ಕೆಳಗಿಳಿಯಿತು. ಬೇರೆ ಯಾರ ಕೈಯೂ ಏಳಲಿಲ್ಲ. ಹಾಗಾದರೆ ಯಾವ ಹಾಡನ್ನು ಕೀಳೋಣ ಎಂದು ಮೇಷ್ಟ್ರು ಕೇಳಿದ್ದಕ್ಕೆ ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಅವರು ಬಳಗದ ಪರವಾಗಿ ಫೋನಿನಲ್ಲಿ ಒಂದೇ ಸಾಲು ಕಳಿಸಿದರು: ಯಾವುದನ್ನೂ ಕೀಳಬೇಡಿ.

"ಸೀಟಕ್ಕ ಸೋತಳು! ಮೊದಲನೇ ಸಲ!" ಎಂದು ಕತ್ತರಿ ಕುಣಿದಾಡಿಬಿಟ್ಟ.

"ಸೋತ್ರೆ ಸೋತೆ, ಏನೀಗ?" ಎಂದಳು ಸೀಟಕ್ಕ. "ಕಳ್ಳಾಟ ಆಡಿ ಸೋತಿಲ್ಲ. ಎಲ್ರೂ ಏಳಿ ಮೇಲೆ, ನಾಳೆ ಬಸ್ಸಿನವರು ಸೀಟು ಕೇಳ್ಕೊಂಡು ಬರ್ತಾರೆ."

ಆ ದಿನ ಮಗಳು ಅಮ್ಮನೊಂದಿಗೆ ಏನೂ ಮಾತೆತ್ತಲಿಲ್ಲ. ಮರುದಿನವೂ ಇಲ್ಲ. ಕೌಂಟರಿಗೆ ಹೋದಳು, ಬಂದಳು, ಊಟದ ಡಬ್ಬಿ ತಂದಿಟ್ಟಳು. ಸೀಟಕ್ಕನ ಎದೆಯಲ್ಲಿ ಒಂದು ಮುಳ್ಳು ಕೂತೇ ಇತ್ತು. ಹಾಡಿನ ಚಿಂತೆ ಒಂದು ಕಡೆಯಾದರೆ, ಮಗಳ ಕಣ್ಣಿನಲ್ಲಿ ತಾನು ಏನಾಗಿ ಹೋದೆನೋ ಎಂಬ ಚಿಂತೆ ಅದಕ್ಕಿಂತ ದೊಡ್ಡದಾಗಿತ್ತು. ಇಡೀ ಬಾಲ್ಯ ಒಂದು ಸುಳ್ಳು ಕೇಳಿಸಿ ಸಾಕಿದ ಮಗಳು. ಬಾಯಿಬಿಟ್ಟು ಕೇಳಲು ಸೀಟಕ್ಕನಿಗೆ ಆಗಲಿಲ್ಲ. ಲಾರಿ ಡ್ರೈವರುಗಳ ಹತ್ತಿರ ಗುಡುಗುವವಳಿಗೆ ಮಗಳ ಹತ್ತಿರ ಮಾತ್ರ ಬಾಯಿ ಕಟ್ಟಿಹೋಗಿತ್ತು.

ಫಲಿತಾಂಶ ಬಂದದ್ದು ಮುಂದಿನ ತಿಂಗಳು. ಮೇಷ್ಟ್ರು, ಕತ್ತರಿ, ಮಾತ್ರೆ ಮೂವರೂ ವಾರದ ನಡುವೆಯೇ ಒಟ್ಟಿಗೆ ಬಂದು ಬಾಗಿಲಲ್ಲಿ ನಿಂತದ್ದು ನೋಡಿಯೇ ಸೀಟಕ್ಕನಿಗೆ ಗೊತ್ತಾಯಿತು.

"ಕಿತ್ರಾ?"

"ಹೂಂ," ಎಂದರು ಮೇಷ್ಟ್ರು. "ನಮ್ಮದೊಂದು ಬಿಟ್ಟು ಬೇರೆಲ್ಲಾ ಬಳಗದವರೂ ಅದನ್ನೇ ಹೇಳಿದಾರೆ."

ಮಾತ್ರೆಯ ಮುಖ ಇಳಿದುಹೋಗಿತ್ತು. ಸೀಟಕ್ಕ ಅಳುತ್ತಾಳೆಂದು ಮೂವರೂ ಕಾದರು. ಅವಳು ಕೊಯ್ಯುತ್ತಿದ್ದ ಫೋಮ್ ಪೂರ್ತಿ ಕೊಯ್ದು, ಚಾಕು ಕೆಳಗಿಟ್ಟು, ಸೊಂಟದ ಮೇಲೆ ಕೈಯಿಟ್ಟಳು.

"ಕೀಳ್ಲಿ ಬಿಡಿ. ಅವನನ್ನೇ ಬಿಟ್ಟೋರು, ಅವನ ಹಾಡು ಇಟ್ಕೋತಾರಾ? ಅವರು ಬೇಡ ಅಂದ್ರೆ ಮುಗೀತಾ? ಹಾಡು ಹಾಡಿದ್ದು ಅವರಿರಬಹುದು. ಕೇಳಿದೋರು ನಾವು. ನಮ್ಮನ್ನ ಯಾರು ಕೀಳ್ತಾರೆ?" ಎಂದಳು. ದನಿ ಏರಿತು. "ಇನ್ನು ಮೇಲೆ ಪ್ರತಿ ಭಾನುವಾರ ನಮ್ಮ ಸಭೆ ಶುರುವಾಗೋದೇ ಆ ಹಾಡಿಂದ. ಕ್ಯಾಸೆಟ್ ಹರಿದುಹೋದ್ರೆ ನಾನೇ ನಿಂತು ಹಾಡ್ತೀನಿ."

"ಅಯ್ಯೋ ಬೇಡ ಸೀಟಕ್ಕ," ಎಂದ ಕತ್ತರಿ ಗಾಬರಿಯಿಂದ. "ಕ್ಯಾಸೆಟ್ ನಾನು ಜೋಪಾನ ಮಾಡ್ತೀನಿ."

ಸಂಜೆ ಮಗಳು ಕೌಂಟರ್ ಮುಗಿಸಿ ಬಂದಾಗ ಸೀಟಕ್ಕ ಒಬ್ಬಳೇ ಕಸ ಗುಡಿಸುತ್ತಿದ್ದಳು. ಸುದ್ದಿ ಮಗಳ ಕಿವಿಗೂ ಬಿದ್ದಿತ್ತು. ಅವಳು ಚೀಲ ಕೆಳಗಿಟ್ಟು, ಅಮ್ಮನ ಕೈಯಿಂದ ಪೊರಕೆ ತೆಗೆದುಕೊಂಡಳು.

"ಅಮ್ಮಾ, ನೀನು ತಿರುಗಿ ನೋಡ್ತಿದ್ದೆ ಅಂತ ನನಗೆ ಮೊದಲಿಂದಲೂ ಗೊತ್ತಿತ್ತು."

"ನಾಲ್ಕು ವರ್ಷದ ಕೂಸು. ನಿನಗೇನೇ ಗೊತ್ತು?"

"ನನ್ನ ಹೆಗಲ ಮೇಲೆ ಹಾಕ್ಕೊಂಡಿದ್ದೆ. ನನ್ನ ಮುಖ ಹಿಂದಕ್ಕಿತ್ತು. ನೀನು ಆಗೊಮ್ಮೆ ಈಗೊಮ್ಮೆ ನೋಡ್ದೆ. ನಾನು ದಾರಿ ಪೂರ್ತಿ ನೋಡ್ದೆ."

ಸೀಟಕ್ಕ ಡ್ರೈವರ್ ಸೀಟಿನ ಮೇಲೆ ಕೂತಳು.

"ಮತ್ತೆ ಯಾಕೆ ಇಷ್ಟು ವರ್ಷ ಸುಮ್ನಿದ್ದೆ?"

"ನೋಡಲಿಲ್ಲ ಅಂತ ಹೇಳೋವಾಗ ನಿನ್ನ ಮುಖ ಚೆನ್ನಾಗಿರ್ತಿತ್ತು. ಅದಕ್ಕೇ."

ಮಗಳು ಫೋಮಿನ ಚೂರುಗಳನ್ನು ಮೂಲೆಗೆ ಗುಡಿಸಿದಳು. ಆಮೇಲೆ ಸೀಟಕ್ಕ, ಮೂವತ್ತು ವರ್ಷ ಯಾರ ಹತ್ತಿರವೂ ಕೇಳಲಾಗದಿದ್ದದ್ದನ್ನು ಕೇಳಿದಳು.

"ಯಾರಾದ್ರೂ ಬಾಗಿಲಿಗೆ ಬಂದ್ರಾ?"

"ಇಲ್ಲ ಅಮ್ಮ. ಒಬ್ಬರೂ ಬರಲಿಲ್ಲ."

ಸೀಟಕ್ಕ ತಲೆಯಾಡಿಸಿದಳು. ಎದ್ದು, ಸೆರಗಿನಿಂದ ಮುಖ ಒರೆಸಿಕೊಂಡು, ಶಟರ್ ಎಳೆಯಲು ಕೈ ಮೇಲೆತ್ತಿದಳು.

"ಒಳ್ಳೇದೇ ಆಯ್ತು ಬಿಡು," ಎಂದಳು. "ಬಂದಿದ್ರೆ ನಾನು ವಾಪಸ್ ಹೋಗಿಬಿಡ್ತಿದ್ದೆ ಕಣೇ."